ಒಂದು ರಾತ್ರಿ ಮಲಗಿದ ಮೇಣ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅವಳು ಸಮುದ್ರದ ಪಕ್ಕದ ಒಂದು ಗುಡಾರದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಎಡ ಕಂಕುಳಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಅವುಚಿಕೊಂಡು ಅದಕ್ಕೆ ಕಾವು ಕೊಡುತ್ತಿದ್ದಳು. ಗುಡಾರದ ಕಂಬಕ್ಕೆ ನೇತುಹಾಕಿದ್ದ ಥರ್ಮಾಮೀಟರು ಎಂಟು ಡಿಗ್ರಿ ತೋರಿಸುತ್ತಿತ್ತು. ಕ್ಯಾಲೆಂಡರಿನ ಪ್ರಕಾರ ಅದು ವಸಂತಕಾಲ.

ಪಕ್ಕದ ಹೊದಿಕೆಯ ಮುದ್ದೆಯೊಳಗಿಂದ ಗಂಡ ಒಂದು ಕಣ್ಣು ತೆರೆದ.

"ಏನೇ ಅದು, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?"

"ಎಣ್ಣೆ ಗಟ್ಟಿಯಾಗಿದೆ ರೀ. ತಲೆ ಬಾಚ್ಕೋಬೇಕು."

"ಮರಿ ಆದ್ರೆ ಎಬ್ಬಿಸು," ಎಂದು ಅವನು ಮತ್ತೆ ಒಳಗೆ ಹೋದ.

ಹತ್ತು ನಿಮಿಷ ಕಳೆದ ಮೇಲೆ ಅವಳು ಬಾಟಲಿಯನ್ನು ಹೊರತೆಗೆದು ಮುಚ್ಚಳ ಬಿಚ್ಚಿದಳು. ಕರಗಿರಲಿಲ್ಲ. ಬಿಳಿ ಎಣ್ಣೆಯ ನಡುವೆ ಒಂದು ಗುಂಡಿ ಬಿದ್ದಿತ್ತು. ಹಿಂದಿನ ಸಂಜೆ ಗುಡಾರದ ಒಲೆಯ ಪಕ್ಕ ಇದ್ದಾಗ ಅದೇ ಎಣ್ಣೆ ಕತ್ತಿನವರೆಗೆ ಸಮತಟ್ಟಾಗಿ ನಿಂತಿದ್ದುದನ್ನು ಅವಳೇ ನೋಡಿದ್ದಳು. ಬಾಚಣಿಗೆಯ ಬಾಲವನ್ನು ಗುಂಡಿಗೆ ಇಳಿಸಿ ಉಗುರಿನಿಂದ ಗುರುತು ಹಿಡಿದಳು. ನಾಲ್ಕು ಮಿಲಿಮೀಟರು ಆಳ. ಯಾರೂ ಎಣ್ಣೆ ತೆಗೆದಿರಲಿಲ್ಲ, ಎಲ್ಲೂ ಸೋರಿರಲಿಲ್ಲ.

ಅವಳು ಬಾಚಣಿಗೆ ಕೆಳಗಿಟ್ಟಳು. ಆ ದಿನ ಮಧ್ಯಾಹ್ನದವರೆಗೂ ಅವಳು ತಲೆ ಬಾಚಿಕೊಳ್ಳಲಿಲ್ಲ.

ಆಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಿ ಎರಡು ವರ್ಷ, ಆ ದೇಶಕ್ಕೆ ಬಂದು ಹದಿನಾಲ್ಕು ತಿಂಗಳು. ಗಂಡ ಅವಳನ್ನು ಕರೆಯುತ್ತಿದ್ದುದು ಅಳತೆಯಮ್ಮ ಎಂದು. ಅನ್ನಕ್ಕೆ ನೀರು ಹಾಕುವಾಗ ಬೆರಳಿನ ಗೆಣ್ಣಿನ ಬದಲು ಗೆರೆ ಇರುವ ಗಾಜಿನ ಲೋಟ ಹಿಡಿಯುವ ಹೆಂಡತಿಯನ್ನು ಬೇರೆ ಏನೆಂದು ಕರೆಯುವುದು? ಅವಳ ವೃತ್ತಿಯೇ ಹಾಗಿತ್ತು. ಅವಳು ಹಲ್ಲು ಮಾಡುವವಳು.

ಹಲ್ಲಿನ ಡಾಕ್ಟರು ಬೇರೆ, ಹಲ್ಲು ಮಾಡುವವರು ಬೇರೆ. ಡಾಕ್ಟರು ರೋಗಿಯ ಹಲ್ಲನ್ನು ಅರೆದು, ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನಲ್ಲಿ ಅಚ್ಚಿಗೆ ಪ್ಲಾಸ್ಟರು ಸುರಿದು ಆ ಹಲ್ಲಿನದೇ ಒಂದು ಕಲ್ಲಿನ ಪ್ರತಿ ಮಾಡಿಕೊಳ್ಳುತ್ತಾರೆ. ಅದರ ಮೇಲೆ ಮೇಣದಲ್ಲಿ ಕ್ಯಾಪನ್ನು ತಿದ್ದಿ ತೀಡಿ, ಬಿಡಿಸಿ, ಸುತ್ತ ಬೆಂಕಿಗೆ ಜಗ್ಗದ ಒಂದು ಬಗೆಯ ಗಾರೆ ಸುರಿದು, ಕುಲುಮೆಯಲ್ಲಿಡುತ್ತಾರೆ. ಮೇಣ ಉರಿದು ಹೋದ ಜಾಗಕ್ಕೆ ಕರಗಿದ ಲೋಹ ಹರಿದರೆ ಕ್ಯಾಪು ಸಿದ್ಧ. ಮೇಣ ಎಷ್ಟಿತ್ತೋ ಲೋಹ ಅಷ್ಟೇ ಬರುತ್ತದೆ. ಕ್ಯಾಪಿನ ಅಂಚಿಗೂ ಹಲ್ಲಿಗೂ ನಡುವೆ ಉಳಿಯುವ ಸಂದನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನು. ತಲೆಗೂದಲು ಸುಮಾರು ಎಪ್ಪತ್ತು.

ಈ ವಿದ್ಯೆಯನ್ನು ಅವಳಿಗೆ ಕಲಿಸಿದವರು ಸೋದರಮಾವ. ಅವರ ಲ್ಯಾಬು ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಎರಡು ಬೆಂಚು, ಒಂದು ಕುಲುಮೆ, ಒಂದು ಫ್ಯಾನು. ಪುಡಿ ಹಾರುತ್ತದೆಂದು ಫ್ಯಾನು ಹಾಕುವ ಹಾಗಿರಲಿಲ್ಲ, ಆದ್ದರಿಂದ ಬೆವರು ಮೇಣದ ಮೇಲೆ ಬೀಳದಂತೆ ಹಣೆಗೆ ಟವೆಲು ಕಟ್ಟಿಕೊಂಡು ಕೆಲಸ. ಮಾವನ ನಿಯಮಗಳು ನಾಲ್ಕೋ ಐದೋ ಇದ್ದವು. ಅಂಚು ಉಗುರಿಗೆ ಸಿಗಬಾರದು. ಡಾಕ್ಟರು ಅವಸರ ಮಾಡಿದರೆ ಇನ್ನೂ ನಿಧಾನ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಸಂಜೆ ಮೇಣ ಮುಗಿಸಿದರೆ ಅಂದೇ ಗಾರೆ ಸುರಿಯಬಾರದು. ಕಲ್ಲಿನಿಂದ ಬಿಡಿಸಿ, ಪೀಠಕ್ಕೆ ಅಂಟಿಸಿ, ಮೇಲೆ ಒಂದು ಲೋಟ ಕವುಚಿ ಮನೆಗೆ ಹೋಗಬೇಕು. ಬೆಳಿಗ್ಗೆ ಬಂದವರೇ ಮೊದಲು ಗಾರೆ ಸುರಿಯಬೇಕು.

"ಮೇಣಕ್ಕೂ ಒಂದು ರಾತ್ರಿ ನಿದ್ದೆ ಬೇಕು ಪುಟ್ಟಿ," ಎನ್ನುತ್ತಿದ್ದರು ಮಾವ.

ಒಂಬತ್ತು ವರ್ಷ ಅವಳು ಹಾಗೇ ಮಾಡಿದಳು. ಒಮ್ಮೆ ಅಲ್ಲಿನ ಕಾಲೇಜಿನವರು ಅವಳು ಮಾಡಿದ ಹತ್ತು ಕ್ಯಾಪುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅಳೆದರು. ಸರಾಸರಿ ಸಂದು ಮೂವತ್ತೈದು ಮೈಕ್ರಾನು. ಮಾವ ಆ ಕಾಗದವನ್ನು ಗಾಜು ಹಾಕಿಸಿ ಗೋಡೆಗೆ ಹೊಡೆದಿದ್ದರು.

ಗಂಡ ಲಿಫ್ಟ್ ಮೆಕ್ಯಾನಿಕ್. ಹೊಸ ದೇಶದಲ್ಲಿ ಕೆಲಸ ಸಿಕ್ಕಿದ್ದು ಅವನಿಗೆ. ಅವರ ಬಾಡಿಗೆ ಮನೆ ಇದ್ದುದು ನಾಲ್ಕನೆಯ ಮಹಡಿಯಲ್ಲಿ, ಆ ಕಟ್ಟಡಕ್ಕೆ ಲಿಫ್ಟು ಇರಲಿಲ್ಲ. ಅರವತ್ತೆಂಟು ಮೆಟ್ಟಿಲು. ದಿನವಿಡೀ ಊರವರನ್ನೆಲ್ಲ ಮೇಲೆ ಕೆಳಗೆ ಸಾಗಿಸುವ ವ್ಯವಸ್ಥೆ ಮಾಡಿ ಸಂಜೆ ಈರುಳ್ಳಿ ಚೀಲ ಹೊತ್ತು ಏದುಸಿರು ಬಿಡುತ್ತ ಬರುವ ಗಂಡನನ್ನು ಕಂಡರೆ ಅವಳಿಗೆ ನಗು ತಡೆಯುತ್ತಿರಲಿಲ್ಲ.

"ಕಡಲೆ ಇದ್ದೋರಿಗೆ ಹಲ್ಲಿಲ್ಲ, ಹಲ್ಲಿದ್ದೋರಿಗೆ ಕಡಲೆ ಇಲ್ಲ," ಎನ್ನುತ್ತಿದ್ದಳು.

"ನೀನು ಹಲ್ಲು ಮಾಡೋದು ಶುರು ಮಾಡು, ಆಮೇಲೆ ಗಾದೆ ಹೇಳುವಿಯಂತೆ," ಎನ್ನುತ್ತಿದ್ದ ಅವನು.

ಅದು ಅವಳಿಗೆ ತಾಗುವ ಮಾತು ಎಂದು ಅವನಿಗೆ ಗೊತ್ತಾದ ದಿನದಿಂದ ಮತ್ತೆ ಆಡಲಿಲ್ಲ. ಯಾಕೆಂದರೆ ಹಲ್ಲು ಮಾಡಲು ಅವಳಿಗೆ ಅಲ್ಲಿ ಅನುಮತಿ ಇರಲಿಲ್ಲ. ಆ ದೇಶದಲ್ಲಿ ರೋಗಿಯ ಬಾಯಿಗೆ ಹೋಗುವ ವಸ್ತುವನ್ನು ಮುಟ್ಟಬೇಕಾದರೆ ಪರವಾನಗಿ ಬೇಕು. ಹೊರಗಿನಿಂದ ಬಂದವರು ಎರಡು ದಿನದ ಕೈಕೆಲಸದ ಪರೀಕ್ಷೆ ಕೊಡಬೇಕು. ಅದಕ್ಕೆ ಎರಡೇ ಅವಕಾಶ. ಎರಡರಲ್ಲೂ ಆಗದಿದ್ದರೆ ಮೊದಲ ತರಗತಿಯಿಂದ ಮೂರು ವರ್ಷದ ಕೋರ್ಸು. ಅಲ್ಲಿಯವರೆಗೆ ಒಂದು ದೊಡ್ಡ ಲ್ಯಾಬಿನಲ್ಲಿ ಅವಳಿಗೆ ಸಿಕ್ಕಿದ್ದು ಅಚ್ಚಿಗೆ ಪ್ಲಾಸ್ಟರು ಸುರಿಯುವ, ಟ್ರೇ ತೊಳೆಯುವ ಕೆಲಸ. ತೊಟ್ಟಿ ಒಂದು ಮೂಲೆಯಲ್ಲಿತ್ತು. ಅಲ್ಲಿಂದ ಉತ್ತರದ ಕಿಟಕಿಯ ಪಕ್ಕದ ಬೆಂಚುಗಳು ಕಾಣುತ್ತಿದ್ದವು, ಆ ಬೆಂಚುಗಳಲ್ಲಿ ಆರು ಜನ ಮೇಣ ತಿದ್ದುತ್ತಿದ್ದರು.

"ಕೈ ಕೆಸರಾದ್ರೆ ಬಾಯಿ ಮೊಸರು," ಎಂದು ಅತ್ತೆ ಫೋನಿನಲ್ಲಿ ಸಮಾಧಾನ ಹೇಳಿದರು.

"ಕೈ ಪ್ಲಾಸ್ಟರಾದ್ರೆ, ಅತ್ತೆ?"

"ಗಟ್ಟಿಯಾಗೋದ್ರೊಳಗೆ ತೊಳ್ಕೊಳಮ್ಮ," ಎಂದರು ಅತ್ತೆ. ಮಗನಿಗೆ ಮಾತಿನ ಚಟ ಎಲ್ಲಿಂದ ಬಂತೆಂದು ಅವಳಿಗೆ ಅಂದು ತಿಳಿಯಿತು.

ಅವನಿಗೆ ಬುಧವಾರ, ಭಾನುವಾರ ರಜೆ. ಅವಳಿಗೆ ಶನಿವಾರ, ಭಾನುವಾರ. ಇಬ್ಬರಿಗೂ ಸಿಗುವ ಆ ಒಂದು ಭಾನುವಾರವನ್ನು ಅವರು ಪೋಲು ಮಾಡಲಿಲ್ಲ. ಬಸ್ಸು ಹೋಗುವ ಕಡೆಯ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ನಡೆದು ವಾಪಸು ಬರುವುದು ಅವರು ಮಾಡಿಕೊಂಡ ಪದ್ಧತಿ. ಒಂದು ವರ್ಷದಲ್ಲಿ ಹದಿನೇಳು ಕಡೆಯ ನಿಲ್ದಾಣಗಳನ್ನು ಮುಗಿಸಿದರು. ಯಾವ ಊರಿಗೆ ಹೋದರೂ ಅವನು ಮೊದಲು ಎತ್ತರದ ಕಟ್ಟಡ ಹುಡುಕಿ ಅದರ ಲಿಫ್ಟಿನಲ್ಲಿ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವನು. ಅವಳು ಎದುರು ಸೀಟಿನವರ ಬಾಯಿ ನೋಡುವಳು.

"ಕೆಂಪು ಟೋಪಿಯೋರ ಮೇಲಿನ ಸಾಲು ಎಡಗಡೆ ನಾಲ್ಕನೇದು ಕ್ಯಾಪು."

"ಮೆತ್ತಗೆ ಮಾತಾಡೇ."

"ಅವ್ರಿಗೆ ನಮ್ಮ ಭಾಷೆ ಬರಲ್ಲ."

"ನೀನು ನೋಡೋ ನೋಟಕ್ಕೆ ಭಾಷೆ ಬೇಕಾಗಿಲ್ಲ. ಪಾಪ, ಬಾಯಿ ಮುಚ್ಕೊಂಡ್ರು ನೋಡು."

ಮೊದಲ ಪರೀಕ್ಷೆ ಬಂದದ್ದು ಚಳಿಗಾಲದ ನಡುವೆ. ಹಳೆಯ ಕಲ್ಲಿನ ಕಟ್ಟಡದ ಒಂದು ದೊಡ್ಡ ಹಾಲ್, ಐದು ಜನ ಅಭ್ಯರ್ಥಿಗಳು, ಕನ್ನಡಕಕ್ಕೆ ಸರಪಳಿ ಹಾಕಿಕೊಂಡ ಒಬ್ಬ ಪರೀಕ್ಷಕಿ. ಮೊದಲ ದಿನ ಮೇಣ. ಮುಗಿಸಿದವರು ಅಂದೇ ಗಾರೆ ಸುರಿಯಬಹುದು ಅಥವಾ ಮರುದಿನ ಬೆಳಿಗ್ಗೆ ಸುರಿಯಬಹುದು. ಎರಡನೆಯ ದಿನ ಎರಕ. ಅವಳು ಎಲ್ಲರಿಗಿಂತ ಮೊದಲು, ನಾಲ್ಕೂಮುಕ್ಕಾಲಿಗೆ ಮೇಣ ಮುಗಿಸಿದಳು. ಉಳಿದ ನಾಲ್ವರು ತರಾತುರಿಯಲ್ಲಿ ಅಂದೇ ಗಾರೆ ಕಲಸಿದರು. ಅವಳು ಲೋಟ ಕವುಚಿ, ಕೈ ತೊಳೆದು ಮನೆಗೆ ಹೋದಳು. ಪರೀಕ್ಷಕಿ ಆ ಲೋಟವನ್ನು ಒಂದು ಕ್ಷಣ ನೋಡಿದರು. ಅಭ್ಯರ್ಥಿಗಳಿಗೆ ಏನನ್ನೂ ಹೇಳಿಕೊಡುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ, ಬಾಗಿಲು ತೆರೆದ ಕೂಡಲೇ, ಮಾವ ಹೇಳಿಕೊಟ್ಟಂತೆ ಮೊದಲ ಕೆಲಸವಾಗಿ ಗಾರೆ ಸುರಿದಳು.

ಕ್ಯಾಪು ಸಿದ್ಧವಾದ ಮೇಲೆ ಆ ಪರೀಕ್ಷೆಯಲ್ಲಿ ಒಂದು ಪದ್ಧತಿಯಿತ್ತು. ಸೂಕ್ಷ್ಮದರ್ಶಕದಲ್ಲಿ ಇಡುವ ಮೊದಲು ಮಾಡಿದವರು ಸಂದು ಎಷ್ಟಿರಬಹುದೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅದನ್ನು ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ತನ್ನ ಕೆಲಸ ಎಷ್ಟು ಸರಿ ಎಂದು ತನಗೇ ತಿಳಿಯದವರು ರೋಗಿಯ ಬಾಯಿಗೆ ಏನನ್ನೂ ಕಳಿಸಬಾರದು ಎಂಬುದು ಅದರ ಅರ್ಥ. ಮಿತಿ ಐವತ್ತು. ಉಳಿದವರು ನಲವತ್ತೆಂಟು, ನಲವತ್ತೈದು ಎಂದು ಗೊಣಗಿದರು.

"ಮೂವತ್ತೈದು," ಎಂದಳು ಅವಳು, ಅಂಚಿಗೆ ಉಗುರನ್ನೂ ಆಡಿಸದೆ.

ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಪರೀಕ್ಷಕಿ ಅಳೆದರು. ನೂರ ಹನ್ನೆರಡು.

ಕ್ಯಾಪು ಪೂರ್ತಿ ಕೂತಿರಲೇ ಇಲ್ಲ. ಬಿಗಿಯಾಗಿ, ಅರ್ಧ ತೊಟ್ಟ ಬಳೆಯ ಹಾಗೆ ನಡುದಾರಿಯಲ್ಲಿ ನಿಂತಿತ್ತು.

ಅಂದು ಅರವತ್ತೆಂಟು ಮೆಟ್ಟಿಲು ಹತ್ತಿ ಬಂದು ಅವಳು ಕೋಟು ಕೂಡ ತೆಗೆಯದೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು. ಗಂಡ ಕಾಫಿ ಮಾಡಿ ಕೈಗಿಟ್ಟ.

"ಆ ಪರೀಕ್ಷೆ ಹಾಲ್ ಸರಿ ಇರಲಿಲ್ವೇನೋ. ಬೆಂಚು ಅಲ್ಲಾಡ್ತಿತ್ತೋ ಏನೋ. ಹೊಸ ಜಾಗ ಅಲ್ವಾ?"

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು. "ಬೇರೆ ನಾಲ್ಕು ಜನಾನೂ ಅದೇ ನೆಲದ ಮೇಲೆ ಕುಣಿದ್ರಲ್ಲ. ನನ್ನ ಕೈ ಹೋಗಿದೆ ರೀ. ಒಂದು ವರ್ಷ ತೊಟ್ಟಿ ಮುಂದೆ ನಿಂತು ಕೈ ಹೋಗಿದೆ."

ಅವಳ ಭಯ ಪರವಾನಗಿಯದ್ದಷ್ಟೇ ಆಗಿರಲಿಲ್ಲ. ಮೂರು ವರ್ಷ ಓದುವುದಕ್ಕೆ ಅವಳು ಹೆದರುವವಳಲ್ಲ. ಆದರೆ ಕೈಯೇ ಹೋಗಿದ್ದರೆ ಓದಿ ಮಾಡುವುದೇನು? ಆಮೇಲಿನ ಮೂರು ತಿಂಗಳು ಅವಳು ದಿನಾ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಮೇಣ ತಿದ್ದಿದಳು. ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಅದರಿಂದ ಅವಳ ಕಂಗಾಲು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ತಪ್ಪು ಕಂಡರೆ ತಿದ್ದಬಹುದು. ಭಾನುವಾರಗಳು ನಿಂತವು. ಹದಿನೆಂಟನೆಯ ನಿಲ್ದಾಣ ಹಾಗೇ ಉಳಿಯಿತು.

ಎರಡನೆಯ ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಗಂಡ ಸಹೋದ್ಯೋಗಿಯೊಬ್ಬನಿಂದ ಗುಡಾರ ಇಸಕೊಂಡು ಬಂದ.

"ನಾಲ್ಕು ದಿನ ಸಮುದ್ರ. ಕೈಗೆ ರಜೆ ಕೊಡು."

"ಈ ಚಳೀಲಾ?"

"ಚಳಿ ಅಂದ್ರೆ ಜನ ಇರಲ್ಲ. ಜನ ಇಲ್ಲ ಅಂದ್ರೆ ನಿಂಗೆ ನೋಡೋಕೆ ಹಲ್ಲೂ ಇರಲ್ಲ. ಅದೇ ರಜೆ. ಮೇಣ ಗೀಣ ತರೋ ಹಾಗಿಲ್ಲ ಕಣೇ ಅಳತೆಯಮ್ಮ."

ಅವಳು ಒಪ್ಪಿದಳು. ಥರ್ಮಾಮೀಟರು ಮತ್ತು ನೋಟುಪುಸ್ತಕ ಮೇಣವಲ್ಲವಾದ್ದರಿಂದ ಅವನ್ನು ಚೀಲಕ್ಕೆ ಹಾಕಿದಳು. ವರ್ನಿಯರ್ ಅಳತೆಕೋಲೂ ಮೇಣವಲ್ಲ. ಒಂದು ಕಡ್ಡಿ ಮೇಣ ಮಾತ್ರ ಕಾಲುಚೀಲದೊಳಗೆ ಹೇಗೋ ಸೇರಿಕೊಂಡಿತ್ತು.

ಹೀಗೆ ಅವಳು ಆ ಬೆಳಿಗ್ಗೆ ಎಣ್ಣೆಯ ಗುಂಡಿಯ ಮುಂದೆ ಕುಳಿತದ್ದು. ಮನೆಯಲ್ಲಿ ಬಾಟಲಿ ಹೀಟರಿನ ಪಕ್ಕ ಇರುತ್ತಿದ್ದುದರಿಂದ ಎಣ್ಣೆ ಎಂದೂ ಹೆಪ್ಪುಗಟ್ಟಿರಲಿಲ್ಲ. ತಣ್ಣಗಾದ ಎಣ್ಣೆ ಕುಗ್ಗಿದೆ. ಹಾಗಾದರೆ ಮೇಣ? ಎಣ್ಣೆ ಕುಗ್ಗಿದ್ದು ಹೆಪ್ಪುಗಟ್ಟುವಾಗ; ಮೇಣ ಮೊದಲೇ ಗಟ್ಟಿ; ಎರಡೂ ಒಂದೇ ಲೆಕ್ಕವಲ್ಲ ಎಂದು ಅವಳು ತನ್ನನ್ನೇ ತಡೆದಳು. ಆದರೆ ಗಟ್ಟಿಯಾದದ್ದೂ ತಣ್ಣಗಾದರೆ ಒಂದಿಷ್ಟು ಕುಗ್ಗುತ್ತದೆ, ಹಲ್ಲಿನ ಕೆಲಸದ ಮೇಣ ಬೇರೆ ಎಲ್ಲಕ್ಕಿಂತ ಹೆಚ್ಚು ಕುಗ್ಗುತ್ತದೆ. ಇದನ್ನು ಅವಳು ಪರೀಕ್ಷೆಗೆ ಓದುವಾಗ ಬಾಯಿಪಾಠ ಮಾಡಿದ್ದಳು: ಒಂದು ಡಿಗ್ರಿಗೆ ನೂರರಲ್ಲಿ ಸೊನ್ನೆ ಬಿಂದು ಸೊನ್ನೆ ಮೂರು ಐದು ಪಾಲು. ಓದಿದ್ದು ತಲೆಯಲ್ಲಿತ್ತು, ಮಾವ ಹೇಳಿದ್ದು ಕೈಯಲ್ಲಿತ್ತು, ಎರಡೂ ಇದುವರೆಗೆ ಭೇಟಿಯಾಗಿರಲಿಲ್ಲ.

ನೋಟುಪುಸ್ತಕ ತೆರೆದಳು. ಮೊದಲ ಪರೀಕ್ಷೆಯ ದಿನ ಗಾರೆಯ ನೀರಿನ ಲೆಕ್ಕಕ್ಕೆಂದು ಪರೀಕ್ಷೆಯ ಹಾಲ್‌ನ ಉಷ್ಣತೆಯನ್ನು ಬರೆದಿಟ್ಟುಕೊಂಡಿದ್ದಳು. ಸಂಜೆ ಇಪ್ಪತ್ತನಾಲ್ಕು. ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಹನ್ನೊಂದು. ಕಲ್ಲಿನ ಕಟ್ಟಡ, ಸಂಜೆ ಆರಕ್ಕೆ ಹೀಟರು ನಿಲ್ಲಿಸಿ ಬೆಳಿಗ್ಗೆ ಎಂಟೂವರೆಗೆ ಹಾಕುತ್ತಿದ್ದರು. ಹದಿಮೂರು ಡಿಗ್ರಿ ವ್ಯತ್ಯಾಸ. ಒಂಬತ್ತು ಮಿಲಿಮೀಟರು ಅಗಲದ ಹಲ್ಲು. ಗುಣಿಸಿದಳು. ನಲವತ್ತೊಂದು ಮೈಕ್ರಾನು. ಲೋಟದ ಕೆಳಗೆ ನಿದ್ದೆ ಮಾಡಿದ ಮೇಣ ನಲವತ್ತೊಂದು ಮೈಕ್ರಾನು ಕುಗ್ಗಿತ್ತು, ಆ ಕುಗ್ಗಿದ ಮೇಣದ ಸುತ್ತ ಅವಳು ಗಾರೆ ಸುರಿದಿದ್ದಳು. ಬಿಗಿಯಾದ ಕ್ಯಾಪು ಹಲ್ಲಿನ ಇಳಿಜಾರು ಗೋಡೆಗೆ ಸಿಕ್ಕಿಕೊಂಡು ಅರ್ಧದಲ್ಲೇ ನಿಂತರೆ ಅಂಚಿನ ಸಂದು ಮತ್ತೂ ದೊಡ್ಡದಾಗುತ್ತದೆ. ಮಾವನ ಮಹಡಿಯಲ್ಲಿ ಸಂಜೆಗೂ ಬೆಳಿಗ್ಗೆಗೂ ಮೂರು ಡಿಗ್ರಿಯೂ ವ್ಯತ್ಯಾಸ ಇರುತ್ತಿರಲಿಲ್ಲ. ಉತ್ತರ ಮೂರು ತಿಂಗಳಿಂದ ಅವಳ ಕೈಚೀಲದಲ್ಲೇ ಇತ್ತು.

ಲೆಕ್ಕ ಸರಿ ಎಂದು ಕುಣಿದಾಡುವ ಜಾತಿಯವಳಲ್ಲ ಅವಳು. ಅಂದು ಸಂಜೆ ಒಲೆಯ ಪಕ್ಕ, ಇಪ್ಪತ್ತೈದು ಡಿಗ್ರಿಯಲ್ಲಿ, ಕಾಲುಚೀಲದ ಮೇಣವನ್ನು ಕೊಯ್ದು ತಿದ್ದಿ ನೂರು ಮಿಲಿಮೀಟರು ಉದ್ದದ ಕಡ್ಡಿ ಮಾಡಿದಳು.

"ಮೇಣ ತರಬಾರದು ಅಂದಿದ್ನಲ್ಲ!"

"ಕಾಲುಚೀಲದಲ್ಲಿತ್ತು."

"ನಾಳೆ ನನ್ನ ಷೂ ಒಳಗಿಂದ ಕುಲುಮೆ ತೆಗೀಬೇಡ ಮತ್ತೆ."

ಮರುದಿನ ಬೆಳಿಗ್ಗೆ ಮತ್ತೆ ಎಂಟು ಡಿಗ್ರಿ. ಕಡ್ಡಿಯನ್ನು ಬಟ್ಟೆಯಲ್ಲಿ ಹಿಡಿದು, ಕೈಯ ಶಾಖ ತಾಗದಂತೆ, ವರ್ನಿಯರಿನ ಬಾಯಿಗಿಟ್ಟಳು. ಮೂರು ಸಲ ಅಳೆದಳು. ತೊಂಬತ್ತೊಂಬತ್ತು ಬಿಂದು ನಾಲ್ಕು. ನೋಟುಪುಸ್ತಕದಲ್ಲಿ ಹಿಂದಿನ ರಾತ್ರಿ ಊಟಕ್ಕೆ ಮುಂಚೆಯೇ ಬರೆದಿಟ್ಟಿದ್ದ ಲೆಕ್ಕವೂ ಅದೇ.

"ರೀ, ಏಳಿ. ಏಳ್ರೀ!"

"ಮರಿ ಆಯ್ತಾ?"

"ನೆಲ ಡೊಂಕೇ ಇತ್ತು ರೀ! ನೆಲಾನೇ ಡೊಂಕು! ನನ್ನ ಕೈ ಹೋಗಿಲ್ಲ!"

ಅವನು ಎದ್ದು ಕುಳಿತು, ತೊಂಬತ್ತೊಂಬತ್ತು ಬಿಂದು ನಾಲ್ಕನ್ನು ನೋಡಿ, "ಅರ್ಧ ಮಿಲಿಮೀಟರಿಗೆ ಇಷ್ಟು ಖುಷಿನಾ?" ಎಂದ.

"ಸೊನ್ನೆ ಬಿಂದು ಆರು," ಎಂದು ತಿದ್ದಿ ಅವಳು ಗುಡಾರದ ಬಾಗಿಲು ತೆರೆದು ಬರಿಗಾಲಲ್ಲಿ ಸಮುದ್ರದ ಕಡೆ ಓಡಿದಳು. ಈಜು ಬರದವಳು. ಮೊಳಕಾಲವರೆಗೆ ನೀರಿಗಿಳಿದು, ಚಳಿಗೆ ಕಿರುಚಿ, ಮತ್ತೆ ಇಳಿದು, ಮತ್ತೆ ಕಿರುಚಿದಳು. ಕಂಬಳಿ ಹೊದ್ದು ದಡದಲ್ಲಿ ನಿಂತ ಗಂಡ ಇಂಥ ಅಳತೆಯಿಲ್ಲದ ಹೆಂಡತಿಯನ್ನು ಅದೇ ಮೊದಲು ನೋಡಿದ್ದು. ಅವನೂ ಷೂ ಬಿಚ್ಚಿದ.

ಉಳಿದ ಎರಡು ದಿನ ಅವರು ನಿಜವಾಗಿ ರಜೆ ಮಾಡಿದರು. ದೀಪಸ್ತಂಭದವರೆಗೆ ನಡೆದರು. ಅದಕ್ಕೆ ಲಿಫ್ಟು ಇಲ್ಲವೆಂದು ಅವನು ಕಾವಲುಗಾರನ ಹತ್ತಿರ ಹತ್ತು ನಿಮಿಷ ಮರುಗಿದ. ಅವಳು ಕಾವಲುಗಾರನ ಹಲ್ಲು ನೋಡಲಿಲ್ಲ, ಅಥವಾ ನೋಡಿದ್ದನ್ನು ಹೇಳಲಿಲ್ಲ.

ಒಂದು ಕೆಲಸ ಮಾತ್ರ ಕಷ್ಟದ್ದು ಉಳಿದಿತ್ತು. ವಿದ್ಯೆ ಕೊಟ್ಟ ಮಾವನಿಗೆ ಅವರ ನಿಯಮ ಇಲ್ಲಿ ನಡೆಯುವುದಿಲ್ಲ ಎಂದು ಹೇಳಬೇಕು. ಹೇಳದೆ ಸುಮ್ಮನೆ ಬೇರೆ ರೀತಿ ಮಾಡಿಬಿಡುವುದು ಕಳ್ಳತನ ಎನಿಸಿತು. ಮನೆಗೆ ಬಂದ ದಿನ ಫೋನು ಮಾಡಿ, ಎಣ್ಣೆಯಿಂದ ಶುರು ಮಾಡಿ, ಹದಿಮೂರು ಡಿಗ್ರಿ, ನಲವತ್ತೊಂದು ಮೈಕ್ರಾನು ಎಂದೆಲ್ಲ ಅಳುಕುತ್ತ ವಿವರಿಸಿ, "ತಪ್ಪು ತಿಳ್ಕೋಬೇಡಿ ಮಾವ, ಮೇಣಕ್ಕೆ ಇಲ್ಲಿ ನಿದ್ದೆ ಆಗ್ಬರಲ್ಲ," ಎಂದಳು.

ಆ ಕಡೆ ಮಾವ ಕೆಮ್ಮು ಬರುವಷ್ಟು ನಕ್ಕರು.

"ಅಯ್ಯೋ ಪುಟ್ಟಿ! ಆ ನಿಯಮ ಮಾಡಿದ್ದು ಕರೆಂಟಿಗೋಸ್ಕರ ಕಣೇ! ಆಗ ನಮ್ಮ ಬೀದೀಲಿ ದಿನಾ ಸಂಜೆ ಕರೆಂಟು ಹೋಗ್ತಿತ್ತು. ಗಾರೆ ಸುರಿದ್ರೂ ಕುಲುಮೆ ಹಚ್ಚೋಕೆ ಆಗ್ತಿರ್ಲಿಲ್ಲ. ಬೆಳಿಗ್ಗೆ ಸುರಿಯೋಣ ಅಂತ ಮನೆಗೆ ಹೋಗ್ತಿದ್ದೆ."

"ಮತ್ತೆ ಮೇಣಕ್ಕೆ ನಿದ್ದೆ ಬೇಕು ಅಂತಿದ್ರಲ್ಲ?"

"ಹುಡುಗರು ಯಾಕೆ ಯಾಕೆ ಅಂತ ಕೇಳ್ತಿದ್ರು. ಏನೋ ಒಂದು ಹೇಳ್ಬೇಕಲ್ಲ! ನಿದ್ದೆ ಬೇಕಾಗಿದ್ದು ಮೇಣಕ್ಕಲ್ಲ ತಾಯಿ, ನಂಗೆ."

ಫೋನು ಸ್ಪೀಕರಿನಲ್ಲಿತ್ತು. ಗಂಡ ನೆಲದ ಮೇಲೆ ಮಗುಚಿ ಬಿದ್ದು ನಗುತ್ತಿದ್ದ. ಒಂಬತ್ತು ವರ್ಷ ಶಾಸ್ತ್ರವೆಂದು ಪಾಲಿಸಿದ್ದು ಕರೆಂಟಿನ ಕಥೆ ಎಂದು ತಿಳಿದ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಎಷ್ಟು ಬರುತ್ತೆ ಅಂತ ಈ ಸಲ ಹೇಳ್ತೀಯಾ?" ಎಂದರು ಮಾವ, ನಗು ನಿಂತ ಮೇಲೆ.

"ನೋಡೋಣ ಮಾವ."

"ಗೋಡೆ ಮೇಲಿನ ಕಾಗದ ಹಂಗೇ ಇದೆ. ಮೊನ್ನೆ ಧೂಳು ಒರಸಿದೆ."

ಪರೀಕ್ಷೆಯ ದಿನ ಬೆಳಿಗ್ಗೆ ಗಂಡ ಅರವತ್ತೆಂಟು ಮೆಟ್ಟಿಲು ಅವಳ ಜೊತೆ ಇಳಿದು ಬಂದ. "ಈ ಸಲ ಐವತ್ತರ ಒಳಗೆ ಅಂತ ಹೇಳಿ ಸುಮ್ನಿರೇ," ಎಂದ. "ಯಾಕೆ ಸುಮ್ನೆ ಕಣ್ಣು ಬೀಳಿಸ್ಕೊಳ್ಳೋದು?"

ಅದೇ ಹಾಲ್, ಅದೇ ಸರಪಳಿ ಕನ್ನಡಕ. ಅವಳು ಬೆಂಚಿನ ಮೇಲೆ ಮೊದಲು ಥರ್ಮಾಮೀಟರು ಇಟ್ಟಳು. ನಾಲ್ಕು ಗಂಟೆಗೆ ಮೇಣ ಮುಗಿಯಿತು. ಕೈ ಅಭ್ಯಾಸಬಲದಿಂದ ಲೋಟದ ಕಡೆ ಹೋಯಿತು. ಲೋಟ ತೆಗೆದುಕೊಂಡು ಅದರಲ್ಲಿ ನೀರು ಕುಡಿದಳು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಇಪ್ಪತ್ತಮೂರು ಡಿಗ್ರಿಯಲ್ಲಿ, ಮೇಣ ಹುಟ್ಟಿದ ಉಷ್ಣತೆಯಲ್ಲೇ ಗಾರೆ ಸುರಿದಳು.

ಮರುದಿನ ಎರಕ ಒಡೆದು, ತೊಳೆದು, ಕ್ಯಾಪನ್ನು ಕಲ್ಲಿನ ಹಲ್ಲಿನ ಮೇಲಿಟ್ಟಾಗ ಅದು ತನ್ನ ಭಾರಕ್ಕೇ ಇಳಿದು ಕುಳಿತಿತು. ಒತ್ತಬೇಕಾಗಲಿಲ್ಲ. ಉಗುರನ್ನು ಅಂಚಿನ ಸುತ್ತ ಎಳೆದಳು, ಎಲ್ಲಿಯೂ ಸಿಗಲಿಲ್ಲ. ಮತ್ತೊಂದು ಸಲ, ಕಣ್ಣು ಮುಚ್ಚಿಕೊಂಡು ಎಳೆದಳು.

"ನಿಮ್ಮ ಅಂದಾಜು?" ಎಂದರು ಪರೀಕ್ಷಕಿ.

ಐವತ್ತರ ಒಳಗೆ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಉಗುರಿಗೆ ತಿಳಿದದ್ದು ಬೇರೆ.

"ಮೂವತ್ತೈದು."

ಪರೀಕ್ಷಕಿ ಕನ್ನಡಕ ತೆಗೆದು ಸರಪಳಿಗೆ ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಬಾಗಿದರು. ನಾಲ್ಕು ಕಡೆ ಅಳೆಯುವುದು ನಿಯಮ. "ಇಪ್ಪತ್ತೆಂಟು," ಎಂದರು. "ಮೂವತ್ತೊಂದು. ಮೂವತ್ತನಾಲ್ಕು. ಮೂವತ್ತು." ಆಮೇಲೆ ನಿಯಮದಲ್ಲಿಲ್ಲದ ಐದನೆಯ ಕಡೆಯನ್ನೂ ಅಳೆದರು, ಅದು ಬರೀ ಕುತೂಹಲಕ್ಕೆ. ತಲೆ ಎತ್ತಿ ಹಳೆಯ ಹಾಳೆ ತಿರುವಿದರು.

"ಹೋದ ಸಲವೂ ಮೂವತ್ತೈದು ಅಂತಲೇ ಹೇಳಿದ್ದೀರಿ."

"ಹೌದು. ಆಗಲೂ ನನ್ನ ಮೇಣ ಸರಿಯಾಗೇ ಇತ್ತು. ಆದ್ರೆ ರಾತ್ರಿ ಈ ಹಾಲ್ ತಣ್ಣಗಾಗಿತ್ತು," ಎಂದಳು ಅವಳು. ಪರೀಕ್ಷಕಿ ಬಿಡಲಿಲ್ಲ, ಕುರ್ಚಿ ಎಳೆದು ಕೂರಿಸಿ, ಎಣ್ಣೆ ಬಾಟಲಿಯಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡರು. ಮುಂದಿನ ಪರೀಕ್ಷೆಯಿಂದ ಆ ಹಾಲ್‌ನ ಹೀಟರು ರಾತ್ರಿಯಿಡೀ ಉರಿಯಿತು ಎಂದು ಆಮೇಲೆ ತಿಳಿಯಿತು.

ಅಂದು ಸಂಜೆ ಅವಳು ಮೆಟ್ಟಿಲು ಹತ್ತಿದ್ದು ಎರಡೆರಡೇ ದಾಟಿಕೊಂಡು. ಅತ್ತೆಗೆ ಫೋನು ಹೋಯಿತು. ಅತ್ತೆ "ಇನ್ನಾದ್ರೂ ಕೈ ತೊಳ್ಕೊ" ಎಂದರು. ಮಾವನಿಗೆ ಹೋಯಿತು, ಮಾವ ಪಾತ್ರೆ ಅಂಗಡಿಯವರನ್ನು ಮಹಡಿಯಿಂದಲೇ ಕೂಗಿ ಕರೆದದ್ದು ಫೋನಿನಲ್ಲಿ ಕೇಳಿಸಿತು. ಸೋಮವಾರ ಲ್ಯಾಬಿನ ಒಡತಿ ತೊಟ್ಟಿಯ ಹತ್ತಿರ ಬಂದು, ಅವಳ ಕೈಯಿಂದ ಟ್ರೇ ಇಸಕೊಂಡು, ತಾನೇ ತೊಳೆದು ಕವುಚಿಟ್ಟು, ಉತ್ತರದ ಕಿಟಕಿಯ ಏಳನೆಯ ಬೆಂಚನ್ನು ತೋರಿಸಿದಳು. ಮುಂದಿನ ಭಾನುವಾರ ಹದಿನೆಂಟನೆಯ ನಿಲ್ದಾಣ ಮುಗಿಯಿತು.

ಈಗ ಆ ಬೆಂಚಿನಲ್ಲಿ ಅವಳಿಗೆ ಎಂಟು ವರ್ಷ. ಕಲಿಯಲು ಬಂದವರು ಮೇಣದ ಕೆಲಸದ ನಿಯಮ ಕೇಳಿದರೆ ಅವಳು ನಿಯಮದ ಜೊತೆ ಅದರ ಕಾರಣವನ್ನೂ ಹೇಳುತ್ತಾಳೆ. ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾಳೆ. ಬೆಂಚಿನ ಬಲ ಮೂಲೆಯಲ್ಲಿ ಥರ್ಮಾಮೀಟರಿದೆ. ಅದರ ಪಕ್ಕ, ಮರದೊಳಗೆ ಕೊರೆದು ಕೂರಿಸಿದ ಒಂದು ಹಿತ್ತಾಳೆಯ ಒತ್ತುಗುಂಡಿ ಇದೆ. ಅದು ಗಂಡ ತಂದದ್ದು.

ಅದಕ್ಕಾಗಿ ಅವನು ಎರಡು ವರ್ಷ ಕಾದಿದ್ದ. ಊರಿನಲ್ಲಿ ಅಷ್ಟು ಎತ್ತರದ ಕಟ್ಟಡ ಇದ್ದುದು ಒಂದೇ. ಅದರ ಲಿಫ್ಟಿನ ಹಳೆಯ ಫಲಕ ಬದಲಿಸುವ ಕೆಲಸ ಅವನ ಪಾಲಿಗೆ ಬಂದ ದಿನ, ಮೇಲಧಿಕಾರಿಯನ್ನು ಕೇಳಿ, ಬೇರೆ ಎಲ್ಲ ಬಿಟ್ಟು ಒಂದೇ ಒಂದು ಗುಂಡಿ ಬಿಚ್ಚಿಕೊಂಡು ಬಂದ. ಕರವಸ್ತ್ರದಲ್ಲಿ ಸುತ್ತಿ ಅವಳ ಮುಂದಿಟ್ಟ. ಅವಳು ಬಿಚ್ಚಿ ನೋಡಿ, ಅಭ್ಯಾಸದಂತೆ ವರ್ನಿಯರಿಗೆ ಕೈ ಹಾಕಿದಳು.

"ಅಳೀಬೇಡ್ವೇ ಮಾರಾಯ್ತಿ, ಸುಮ್ನೆ ಓದು," ಎಂದ ಅವನು.

ಬೆರಳು ತಾಗಿ ತಾಗಿ ಅಂಚು ಸವೆದಿದ್ದರೂ ನಡುವಿನ ಅಂಕಿ ಸ್ಪಷ್ಟವಾಗಿತ್ತು. ಮೂವತ್ತೈದು.